ಬೆಂಗಳೂರು–ಮೈಸೂರು: ಹಳೆ ದಾರಿನಾ, ಎಕ್ಸ್‌ಪ್ರೆಸ್‌ವೇನಾ, ಕನಕಪುರ ರಸ್ತೆನಾ?

ಬೈಕಿನಲ್ಲಿ ಹೊರಟಿದ್ದರೆ ಎಕ್ಸ್‌ಪ್ರೆಸ್‌ವೇ ಮರೆತುಬಿಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಪಕ್ಕದ ಸರ್ವೀಸ್ ರಸ್ತೆಯೇ ನಿಮ್ಮ ದಾರಿ.

ಕಾರಿನಲ್ಲಿ, ಸಮಯವೇ ಮುಖ್ಯ ಅಂದರೆ ಎಕ್ಸ್‌ಪ್ರೆಸ್‌ವೇ ಸರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಊರುಗಳ ಒಳಗಿನ ಸಂಚಾರ ತಪ್ಪಿಸಿ ಹೋಗುತ್ತದೆ, ಸಿಗ್ನಲ್ ಕಾಟವಿಲ್ಲ. ಆದರೆ ಟೋಲ್ ಕಟ್ಟಬೇಕು. ವೇಗದ ಮಿತಿ ಗಂಟೆಗೆ 100 ಕಿ.ಮೀ., ದಯವಿಟ್ಟು ದಾಟಬೇಡಿ.

ಹಳೆ ದಾರಿಯ ಬಗ್ಗೆ ನನಗೆ ಪ್ರೀತಿ ಜಾಸ್ತಿ. ಒಂದು ಕಾಲದಲ್ಲಿ ಇದು ರಾಜ್ಯ ಹೆದ್ದಾರಿ 17. ಆಮೇಲೆ ರಾಷ್ಟ್ರೀಯ ಹೆದ್ದಾರಿ 275 ಆಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಒಳಗೇ ಹಾಯುತ್ತದೆ. ಗೊಂಬೆ ಕೊಳ್ಳಬೇಕು, ಮದ್ದೂರು ವಡೆ ತಿನ್ನಬೇಕು ಅಂದರೆ ಇಲ್ಲೇ ಬನ್ನಿ. ತಡವಾಗುತ್ತದೆ, ನಿಜ. ಮಕ್ಕಳು ಜೊತೆಗಿದ್ದರೆ ಆ ನಿಲುಗಡೆಗಳೇ ಪ್ರಯಾಣ ಅಲ್ವಾ?

ಕನಕಪುರ, ಮಳವಳ್ಳಿ ಮೇಲಿನ ದಾರಿ ಸುತ್ತು. ನೀವು ದಕ್ಷಿಣ ಬೆಂಗಳೂರಿನವರಾಗಿದ್ದು, ಶಿವನಸಮುದ್ರವನ್ನೂ ನೋಡುವ ಆಸೆಯಿದ್ದರೆ ಮಾತ್ರ ಹಿಡಿಯಿರಿ.