ಮೊದಲ ಪಿಸ್ತೂಲು: ಎರಡು ಲೇಅವೇ, ನಾಲ್ಕು ಬಂದೂಕು, ಎರಡು ಪೆಟ್ಟಿಗೆ

ನಮ್ಮೂರ ಚಿನ್ನದ ಅಂಗಡಿಗಳ ತಿಂಗಳ ಸ್ಕೀಮ್ ಗೊತ್ತಲ್ವಾ? ತಿಂಗಳು ತಿಂಗಳು ಕಂತು ಕಟ್ಟು, ಕೊನೆಗೆ ಒಡವೆ ತಗೋ. ಅಮೆರಿಕದ ಲೇಅವೇ ಹೆಚ್ಚುಕಡಿಮೆ ಅದೇ. ಒಂದೇ ವ್ಯತ್ಯಾಸ, ಇಲ್ಲಿ ವಸ್ತುವನ್ನು ಮೊದಲ ದಿನವೇ ಆರಿಸುತ್ತೀರಿ. ಅಂಗಡಿಯವರು ಅದಕ್ಕೆ ನಿಮ್ಮ ಹೆಸರಿನ ಚೀಟಿ ಕಟ್ಟಿ ಒಳಗಿಡುತ್ತಾರೆ. ಪೂರ್ತಿ ದುಡ್ಡು ಸಂದ ಮೇಲೆ ಕೈಗೆ. ಬಡ್ಡಿ ಇಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹಬ್ಬಿದ ಪದ್ಧತಿ ಇದು, ಕ್ರೆಡಿಟ್ ಕಾರ್ಡ್ ಬಂದ ಮೇಲೆ ಸೊರಗಿತು. ವಾಲ್‌ಮಾರ್ಟ್ ಕೂಡ 2021ರಲ್ಲಿ ಕೈಬಿಟ್ಟಿತು. ಬಂದೂಕಿನ ಅಂಗಡಿ, ಗಿರವಿ ಅಂಗಡಿಗಳಂಥ ಕೆಲವು ಕಡೆ ಇನ್ನೂ ನಡೆಯುತ್ತಿದೆ.

ನಾವಿರುವುದು ಉತ್ತರ ಟೆಕ್ಸಸ್‌ನಲ್ಲಿ, ಊರಾಚೆ. ನಮ್ಮವರಿಗೆ ತಿಂಗಳಲ್ಲಿ ಹತ್ತು ದಿನ ರಾತ್ರಿ ಪಾಳಿ. ಮನೆಯಲ್ಲಿ ನಾನು, ಒಂಬತ್ತು ವರ್ಷದ ಮಗಳು. ಬಂದೂಕು ಬೇಕೋ ಬೇಡವೋ ಅನ್ನುವ ಜಗಳ ನಮ್ಮ ಮನೆಯಲ್ಲಿ ಒಂದು ವರ್ಷ ನಡೆಯಿತು. ಅದನ್ನು ಇಲ್ಲಿ ಮತ್ತೆ ಆಡುವುದಿಲ್ಲ. ಬೇಕು ಅಂತ ತೀರ್ಮಾನವಾದ ಮೇಲೆ ಏನೇನು ಮಾಡಿದೆ, ಎಲ್ಲಿ ದುಡ್ಡು ಕಳೆದೆ, ಅಷ್ಟು ಹೇಳುತ್ತೇನೆ.

ಮೊದಲೇ ಒಂದು ಮಾತು. ಇದು ನನಗೆ ಆಗಿದ್ದು ಗ್ರೀನ್ ಕಾರ್ಡ್ ಇದ್ದದ್ದರಿಂದ. ಎಚ್-1ಬಿ, ಎಲ್-1, ಎಫ್-1 ವೀಸಾದಲ್ಲಿ ಇರುವವರು, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಕೊಳ್ಳುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಪರಿಚಯದವರೊಬ್ಬರು "ಅಕ್ಕಾ, ನಿಮ್ಮ ಹೆಸರಲ್ಲಿ ನಂಗೊಂದು ತಗೊಳ್ಳಿ, ದುಡ್ಡು ಕೊಡ್ತೀನಿ" ಅಂದರು. ಬೇರೆಯವರಿಗಾಗಿ ನಮ್ಮ ಹೆಸರಲ್ಲಿ ಕೊಂಡು ಫಾರಮ್ಮಿನಲ್ಲಿ ಸುಳ್ಳು ಬರೆಯುವುದು ಫೆಡರಲ್ ಅಪರಾಧ. ಜೈಲು. ಗ್ರೀನ್ ಕಾರ್ಡೂ ಹೋದೀತು. ಅವರಿಗೆ ಚಾ ಕೊಟ್ಟು ಕಳಿಸಿದೆ.

ಮೊದಲ ಲೇಅವೇ ಮಾಡಿದ್ದು ಗಿರವಿ ಅಂಗಡಿಯಲ್ಲಿ. ವಿಚಿತ್ರ ಅನ್ನಿಸಿತು. ಪಕ್ಕದ ಕಿಟಕಿಯಲ್ಲಿ ಒಬ್ಬ ಗಿಟಾರ್ ಅಡ ಇಟ್ಟು ದುಡ್ಡು ತಗೊಳ್ತಿದ್ದ, ಈ ಕಿಟಕಿಯಲ್ಲಿ ನಾನು ದುಡ್ಡು ಕೊಟ್ಟು ವಸ್ತು ಅಲ್ಲೇ ಬಿಟ್ಟು ಬರುತ್ತಿದ್ದೆ. ಆರಿಸಿದ್ದು ಹಳೆಯ ರೂಗರ್ ಎಲ್‌ಸಿಆರ್, .38 ಸ್ಪೆಷಲ್, ಐದು ಗುಂಡಿನ ರಿವಾಲ್ವರ್. ತೂಕ 13.5 ಔನ್ಸ್, ಅಂದರೆ 400 ಗ್ರಾಮಿಗೂ ಕಡಿಮೆ. "ಹೆಂಗಸರಿಗೆ ಇದೇ ಸರಿ, ಚಿಕ್ಕದು, ಸುಲಭ" ಅಂದರು ಅಲ್ಲಿದ್ದವರು. ನಾನೂ ತಲೆಯಾಡಿಸಿದೆ. ತೆರಿಗೆ ಸೇರಿ 410 ಡಾಲರ್, ಮುಂಗಡ 41.

ಮೂರು ವಾರ ಕಳೆದು ರೇಂಜಿಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೋಗಿ ಅದೇ ಮಾದರಿಯನ್ನು ಬಾಡಿಗೆಗೆ ಹೊಡೆದೆ. ಹತ್ತು ಗುಂಡಿಗೆ ಹೆಬ್ಬೆರಳ ಬುಡ ಕೆಂಪಾಯಿತು. ಬಂದೂಕು ಹಗುರವಾದಷ್ಟೂ ಒದೆತ ಜಾಸ್ತಿ, ಇದು ಲೆಕ್ಕದ ಮಾತು. ಮಲೆನಾಡಿನವಳಾಗಿ ನನಗೆ ಗೊತ್ತಿರಬೇಕಿತ್ತು. ನಮ್ಮಜ್ಜನ ಕೋವಿ ಎತ್ತಲಿಕ್ಕೆ ಭಾರ, ಆದರೆ ಭುಜಕ್ಕೆ ಒರಗಿಸಿ ಈಡು ಹೊಡೆದರೆ ಅರ್ಧ ಪೆಟ್ಟು ಅದರ ತೂಕವೇ ನುಂಗುತ್ತಿತ್ತು. ಮೇಲಾಗಿ ಈ ರಿವಾಲ್ವರಿನ ಕುದುರೆ (ಟ್ರಿಗರ್) ಎಳೆತ ಉದ್ದ, ಬಿಗಿ. ಎಳೆದು ಮುಗಿಯುವಷ್ಟರಲ್ಲಿ ಗುರಿ ಎಲ್ಲೋ ಹೋಗಿರುತ್ತಿತ್ತು. ಏಳು ಗಜ ದೂರದ ಊಟದ ತಟ್ಟೆಯಷ್ಟು ಕಾಗದಕ್ಕೆ ಹತ್ತರಲ್ಲಿ ನಾಲ್ಕು ಬಿದ್ದವು. ಮನೆಯಲ್ಲಿ ಆ ಆರು ಗುಂಡು ಯಾವ ಗೋಡೆ ದಾಟಿ ಹೋಗುತ್ತವೆ? ರಾತ್ರಿ ನಿದ್ದೆ ಬರಲಿಲ್ಲ.

ಲೇಅವೇ ರದ್ದು ಮಾಡಿದೆ. ರದ್ದತಿ ಶುಲ್ಕ 40 ಡಾಲರ್, ಮುಂಗಡ, ಕಂತು ಸೇರಿ ಕಟ್ಟಿದ್ದರಲ್ಲಿ ಮಿಕ್ಕಿದ್ದು ನಗದಲ್ಲ, ಅದೇ ಅಂಗಡಿಯಲ್ಲಿ ಖರ್ಚು ಮಾಡಬೇಕಾದ ಕ್ರೆಡಿಟ್. ರಸೀತಿಯ ಹಿಂದೆ ಬರೆದಿತ್ತಂತೆ. ಓದದಿದ್ದುದು ನನ್ನ ತಪ್ಪು. ಆ ಕ್ರೆಡಿಟ್‌ನಲ್ಲಿ ಒಂದು ಡ್ರಿಲ್ ಮೆಶಿನ್ ಬಂತು. ಅದು ಆಮೇಲೆ ಕೆಲಸಕ್ಕೂ ಬಂತು.

ಬುದ್ಧಿ ಬಂದ ಮೇಲೆ ಮಾಡಿದ್ದು ಹೀಗೆ. ಎರಡು ಶನಿವಾರ ರೇಂಜ್, ಮೂರು ಪಿಸ್ತೂಲು ಬಾಡಿಗೆ, ಎಲ್ಲ 9 ಎಂಎಂ ಗುಂಡಿನವು. ಸಿಗ್ ಪಿ365, ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಇಝಡ್, ಗ್ಲಾಕ್ 19.

ಸಿಗ್ 2018ರಲ್ಲಿ ಬಂದದ್ದು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಆದರೂ ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಝೀನಿನಲ್ಲಿ, ಹತ್ತು ಗುಂಡು. ಸೊಂಟಕ್ಕೆ ಕಟ್ಟಿ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ. ನಾನು ಕಟ್ಟಿ ಓಡಾಡುವವಳಲ್ಲ. ಕಿರುಬೆರಳಿಗೆ ಹಿಡಿಯಲು ಜಾಗ ಸಾಲದು, ಮೂವತ್ತು ಗುಂಡಿನ ಮೇಲೆ ಕೈ ನಡುಗಿತು. ಅದೇ ತಟ್ಟೆಯಷ್ಟು ಕಾಗದಕ್ಕೆ ಹತ್ತಕ್ಕೆ ಏಳು ಬಿದ್ದವು.

ಶೀಲ್ಡ್ ಇಝಡ್ ಅನ್ನು ಬಹಳ ಇಷ್ಟಪಟ್ಟೆ, ಸುಳ್ಳು ಹೇಳುವುದಿಲ್ಲ. ಹೆಸರೇ ಹೇಳುವ ಹಾಗೆ (ಇಝಡ್ ಅಂದರೆ ಈಝಿ) ಸ್ಲೈಡ್, ಅಂದರೆ ಗುಂಡು ಒಳಗೇರಿಸಲು ಹಿಂದಕ್ಕೆಳೆಯುವ ಮೇಲಿನ ಭಾಗ, ಎಳೆಯುವುದು ಬೆಣ್ಣೆಯಷ್ಟು ಸಲೀಸು. ಹಿಡಿಯ ಹಿಂದೆ ಒಂದು ಸೇಫ್ಟಿ ಇದೆ, ಸರಿಯಾಗಿ ಹಿಡಿಯದಿದ್ದರೆ ಗುಂಡು ಹಾರುವುದಿಲ್ಲ. ಎಂಟು ಗುಂಡು. ಮಣಿಕಟ್ಟಿನ ನೋವು, ಸಂಧಿವಾತ ಇರುವವರು ಬೇರೆ ನೋಡುವುದೇ ಬೇಡ. ಹತ್ತಕ್ಕೆ ಎಂಟು.

ಗ್ಲಾಕ್ 19 ನೋಡಲಿಕ್ಕೆ ಇಟ್ಟಿಗೆ ಇದ್ದ ಹಾಗೆ. ಚಂದ ಅಂತ ಯಾರೂ ಹೇಳಲಾರರು. ಖಾಲಿ ಮ್ಯಾಗಝೀನ್ ಸೇರಿ ಸುಮಾರು 670 ಗ್ರಾಮ್, ಹದಿನೈದು ಗುಂಡು. ಮೊದಲ ಶನಿವಾರ ಸ್ಲೈಡ್ ಎಳೆಯಲೇ ಆಗಲಿಲ್ಲ. ಅವಮಾನವಾಯಿತು. ಕಲಿಸುತ್ತಿದ್ದ ಅಜ್ಜಿ, ಎಪ್ಪತ್ತರ ಹತ್ತಿರದವರು, ನಕ್ಕು ತೋರಿಸಿದರು: ಸ್ಲೈಡನ್ನು ಎಡಗೈಯಲ್ಲಿ ಬಿಗಿ ಹಿಡಿ, ಬಲಗೈಯಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳು. ಚಕ್ಕುಲಿ ಒರಳು ಒತ್ತುವಾಗ ಬೆರಳಿನ ಬಲ ಸಾಲದೆ ಭುಜ ಹಾಕುತ್ತೇವಲ್ಲ, ಥೇಟ್ ಅದೇ. ಎರಡನೇ ಶನಿವಾರ ಸರಾಗ. ತೂಕ ಒದೆತವನ್ನು ನುಂಗಿತು. ಹತ್ತಕ್ಕೆ ಒಂಬತ್ತು, ಎರಡು ಸಲ.

ಅದರಲ್ಲಿ ಇಷ್ಟವಾಗದ್ದು ಒಂದಿದೆ. ಹೆಬ್ಬೆರಳಿನಲ್ಲಿ ಒತ್ತುವ ಸೇಫ್ಟಿ ಇಲ್ಲ, ಇರುವುದು ಕುದುರೆಯ ಮೇಲಿನ ಸಣ್ಣ ಪಟ್ಟಿ ಮತ್ತು ಒಳಗಿನ ವ್ಯವಸ್ಥೆ. ಜೊತೆಗೆ ಬಿಚ್ಚಿ ಒರೆಸಬೇಕಾದರೆ ಮೊದಲು ಕುದುರೆ ಎಳೆಯಲೇಬೇಕು. ಒಳಗೆ ಒಂದು ಗುಂಡು ಮರೆತಿದ್ದರೆ ಮುಗಿಯಿತು. ಮ್ಯಾಗಝೀನ್ ತೆಗೆ, ಸ್ಲೈಡ್ ಎಳೆ, ಕಣ್ಣಿಂದ ನೋಡು, ಬೆರಳಿಟ್ಟು ನೋಡು, ಇನ್ನೊಮ್ಮೆ ನೋಡು. ಇಷ್ಟು ರೂಢಿ ಮಾಡಿಕೊಳ್ಳಲಾರದವರಿಗೆ ನಾನು ಇದನ್ನು ಹೇಳುವುದಿಲ್ಲ.

ಅಂದ ಹಾಗೆ, ರೇಂಜಿನಿಂದ ಬಂದು ಸೀದಾ ಊಟಕ್ಕೆ ಕೂರಬೇಡಿ. ಗುಂಡಿನಲ್ಲಿ ಸೀಸ ಇರುತ್ತದೆ, ಕೈಗೂ ಬಟ್ಟೆಗೂ ಅಂಟುತ್ತದೆ. ಚಮಚದಲ್ಲಿ ತಿನ್ನುವವರಿಗಿಂತ ಕೈಯಲ್ಲಿ ಕಲಸಿ ತಿನ್ನುವ ನಮಗೆ ಇದು ಜಾಸ್ತಿ ಅನ್ವಯಿಸುತ್ತದೆ. ತಣ್ಣೀರು, ಸೋಪು, ಎರಡು ಸಲ.

ಎರಡನೇ ಲೇಅವೇ ಆ ಗ್ಲಾಕ್‌ಗೆ, ಬಂದೂಕಿನ ಅಂಗಡಿಯಲ್ಲೇ. 549 ಡಾಲರ್, 8.25 ಶೇಕಡಾ ತೆರಿಗೆ ಸೇರಿ 594. ಮುಂಗಡ ಐದರಲ್ಲೊಂದು ಭಾಗ, 119. ಉಳಿದ 475 ಅನ್ನು 90 ದಿನದೊಳಗೆ ಯಾವಾಗ ಬೇಕಾದರೂ ಕಟ್ಟಬಹುದು. ಬಡ್ಡಿ ಇಲ್ಲ. ಈ ಸಲ ರಸೀತಿಯ ಹಿಂಭಾಗ ಅಲ್ಲೇ ನಿಂತು ಓದಿದೆ. ಮೂರು ಪ್ರಶ್ನೆ ಕೇಳಿದೆ, ನೀವೂ ಕೇಳಿ. ರದ್ದು ಮಾಡಿದರೆ ಎಷ್ಟು ಹಿಡಿಯುತ್ತೀರಿ? ವಾಪಸ್ ನಗದೋ ಕ್ರೆಡಿಟ್ಟೋ? ಪೂರ್ತಿ ಕಟ್ಟಿದ ಮೇಲೆ, ಕೊಳ್ಳುವವರ ಹಿನ್ನೆಲೆ ನೋಡುವ ಸರ್ಕಾರದ ತಪಾಸಣೆಯಲ್ಲಿ ನನಗೆ ಕೊಡಬಾರದು ಅಂತ ಬಂದರೆ?

ಮೂರನೆಯದೇ ಮುಖ್ಯ. ಯಾಕೆಂದರೆ ಎಫ್‌ಬಿಐ ತಪಾಸಣೆ ನಡೆಯುವುದು ಲೇಅವೇ ಶುರುವಿನಲ್ಲಲ್ಲ, ಕೊನೆಯಲ್ಲಿ, ಬಂದೂಕು ಕೈಗೆ ಬರುವ ದಿನ. ಮೊದಲೇ ಮಾಡಿಸಿಬಿಡೋಣ ಅಂದರೆ ಅದರ ಬಾಳಿಕೆ 30 ದಿನ, ಕಂತು 90 ದಿನ.

ಕಾರ್ಡಿನ ದಾರಿಯನ್ನೂ ಲೆಕ್ಕ ಹಾಕಿದ್ದೆ. ಅಂಗಡಿಯವರು ಕಾರ್ಡಿಗೆ ಶೇಕಡಾ 3 ಸೇರಿಸುತ್ತಾರೆ, 18 ಡಾಲರ್. ತಿಂಗಳಿಗೆ ಶೇಕಡಾ 2ರ ಬಡ್ಡಿಯಲ್ಲಿ ಮೂರು ತಿಂಗಳಲ್ಲಿ ತೀರಿಸಿದರೆ ಇನ್ನೊಂದು 24. ಒಟ್ಟು 42 ಡಾಲರ್ ಜಾಸ್ತಿ. ಪ್ರಾಣ ಹೋಗುವಂಥ ಮೊತ್ತ ಅಲ್ಲ. ದುಡ್ಡಿನ ಲೆಕ್ಕದಲ್ಲಿ ಮಾತ್ರ ನೋಡಿದರೆ ಲೇಅವೇ ದೊಡ್ಡ ಲಾಭವೇನಲ್ಲ. ಒಂದು ಲೇಅವೇಯಲ್ಲಿ 40 ಕಳೆದುಕೊಂಡವಳು ಹೇಳ್ತಿದ್ದೇನೆ. ಆದರೆ ಕಾರ್ಡಿನಲ್ಲಿ ಕೊಂಡಿದ್ದರೆ ಪಿಸ್ತೂಲು ಅವತ್ತೇ ಸಂಜೆ ಮನೆಗೆ ಬರಬಹುದಿತ್ತು. ಟೆಕ್ಸಸ್‌ನಲ್ಲಿ ಕಾಯುವ ಅವಧಿ ಇಲ್ಲ, ಕ್ಯಾಲಿಫೋರ್ನಿಯಾದಲ್ಲಾದರೆ ಹತ್ತು ದಿನ ಕಾಯಬೇಕು. ನಮ್ಮ ಮನೆ ಅವತ್ತಿನ ಸಂಜೆಗೆ ತಯಾರಿರಲಿಲ್ಲ. ಎಷ್ಟು ತಯಾರಿರಲಿಲ್ಲ ಅಂತ ಚಾಕಲೇಟ್ ತೋರಿಸಿತು.

ಪಿಸ್ತೂಲನ್ನು ಬೀಗ ಹಾಕಿ ಇಡುವ ಪೆಟ್ಟಿಗೆಯ ಕತೆ ಇದು. ಮೊದಲು ತಂದದ್ದು ಬೆರಳಚ್ಚಿನಿಂದ ತೆರೆಯುವುದು, ಪಕ್ಕದಲ್ಲಿ ಅಂಕಿಯ ಗುಂಡಿಗಳೂ ಇದ್ದವು. ಪರೀಕ್ಷೆಗೆ ಅಂತ ಒಳಗೆ ಒಂದು ದೊಡ್ಡ ಚಾಕಲೇಟ್ ಇಟ್ಟೆ. ಪಾತ್ರೆ ತೊಳೆದ ಕೈಗೆ ಐದು ಸಲದಲ್ಲಿ ಮೂರು ಸಲ ತೆರೆಯಲಿಲ್ಲ. ಎರಡನೇ ದಿನ ಸಂಜೆ ಒಣ ಕೈಯಲ್ಲಿ ತೆರೆದರೆ ಒಳಗೆ ಬರೀ ಸುತ್ತಿದ ಕಾಗದ. ಅಂಕಿಯ ಕೋಡ್ ಆಗಿ ಮಗಳ ಹುಟ್ಟಿದ ದಿನ ಹಾಕಿದ್ದೆ. "ಅಮ್ಮಾ, ನಿಂದೆಲ್ಲ ಅದೇ ಅಲ್ವಾ ಪಾಸ್‌ವರ್ಡ್" ಅಂದಳು. ಬಾಯಿ ಕಟ್ಟಿಹೋಯಿತು. ಟೆಕ್ಸಸ್ ಕಾನೂನಿನಲ್ಲಿ 17 ವರ್ಷದೊಳಗಿನ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಅಪರಾಧ. ಕಾನೂನು ಆಮೇಲಿನ ಮಾತು, ನನಗೆ ಅವತ್ತು ಕಂಡದ್ದು ಚಾಕಲೇಟ್ ಇದ್ದ ಜಾಗ.

ಬೆರಳಚ್ಚಿನ ಪೆಟ್ಟಿಗೆಗಳ ಬಗ್ಗೆ ಹುಡುಕಿದಾಗ 2023ರ ಅಕ್ಟೋಬರ್‌ನ ಸುದ್ದಿ ಸಿಕ್ಕಿತು. ಹನ್ನೆರಡು ವರ್ಷದ ಹುಡುಗನೊಬ್ಬನ ಸಾವಿನ ನಂತರ ಸುಮಾರು 61,000 ಪೆಟ್ಟಿಗೆಗಳನ್ನು ಅಮೆರಿಕದಲ್ಲಿ ವಾಪಸ್ ಕರೆಸಿದ್ದರು. ಬೆರಳಚ್ಚು ದಾಖಲಿಸದಿದ್ದರೆ ಯಾರ ಬೆರಳಿಗೂ ತೆರೆಯಬಹುದಿತ್ತು. ನನ್ನದು ಬೇರೆ ಕಂಪನಿಯದು, ಆದರೂ ಮರುದಿನವೇ ಹಿಂದಿರುಗಿಸಿದೆ. ಈಗಿರುವುದು ಬ್ಯಾಟರಿಯೇ ಇಲ್ಲದ್ದು, ಐದು ಒತ್ತುಗುಂಡಿಯ ಬೀಗ, ದಪ್ಪ ಉಕ್ಕು. ಬೆಲೆ ಎರಡರಷ್ಟು. ಕತ್ತಲಲ್ಲಿ ಬೆರಳೇ ದಾರಿ ಕಂಡುಕೊಳ್ಳುತ್ತದೆ. ಕಪಾಟಿನ ಮರದ ಚೌಕಟ್ಟಿಗೆ ಬೋಲ್ಟ್ ಹಾಕಿದೆವು. ಗಿರವಿ ಅಂಗಡಿಯ ಡ್ರಿಲ್ ಅವತ್ತು ಉಪಯೋಗಕ್ಕೆ ಬಂತು. ಎರಡನೇ ಚಾಕಲೇಟ್ ಮೂರು ವಾರ ಹಾಗೇ ಇತ್ತು. ಕೊನೆಗೆ ನಾನೇ ತಿಂದೆ.

ಮಗಳಿಗೆ ಶಾಲೆಯಲ್ಲೇ ನಾಲ್ಕು ಮಾತು ಕಲಿಸಿದ್ದರು: ನಿಲ್ಲು, ಮುಟ್ಟಬೇಡ, ಅಲ್ಲಿಂದ ಓಡು, ದೊಡ್ಡವರಿಗೆ ಹೇಳು. ನಮ್ಮವರು ನನಗೊಂದು ಷರತ್ತು ಹಾಕಿದರು. ಇಬ್ಬರಲ್ಲಿ ಯಾರಿಗಾದರೂ ಮನಸ್ಸು ಕುಸಿದಿದೆ ಅನ್ನಿಸಿದರೆ, ವಾದವಿಲ್ಲದೆ ಪಿಸ್ತೂಲು ಮನೆಯಿಂದ ಹೊರಗೆ ಹೋಗಬೇಕು. ಈ ದೇಶದಲ್ಲಿ ಬಂದೂಕಿನ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕಷ್ಟದ ಮಾತು, ಅವರು ಆಡಿದ್ದು ಒಳ್ಳೆಯದಾಯಿತು. ಆ ಮಾತಿಗೂ 90 ದಿನದಲ್ಲಿ ಒಂದು ಸಂಜೆ ಬೇಕಿತ್ತು.

ಕೊನೆಯ ಕಂತು ಕಟ್ಟಲು ಹೋದೆ. ಕಾಗದಪತ್ರದಲ್ಲಿ ಸಿಕ್ಕಿಬಿದ್ದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೆಯ ವಿಳಾಸ. ಬಂದೂಕು ಕೊಳ್ಳುವಾಗ ತುಂಬುವ ಫೆಡರಲ್ ಫಾರಂ 4473ಕ್ಕೆ ಈಗಿನ ವಿಳಾಸ ಇರುವ ಸರ್ಕಾರಿ ಗುರುತು ಬೇಕು. ಇನ್ನೊಂದು, ನಮ್ಮ ಕಡೆಯವರ ಹೆಸರು. ಊರು, ಅಪ್ಪನ ಹೆಸರು, ಇನಿಶಿಯಲ್ ಎಲ್ಲ ಬಿಡಿಸಿ ಬರೆದಾಗ ಲೈಸೆನ್ಸಿನಲ್ಲೊಂದು, ಗ್ರೀನ್ ಕಾರ್ಡಿನಲ್ಲೊಂದು ಆಗಿರುತ್ತದೆ. ಮೊದಲೇ ಸರಿಮಾಡಿಸಿಕೊಳ್ಳಿ. ನಾನು ವಿಳಾಸ ಬದಲಿಸಿ ಎಂಟು ದಿನ ಬಿಟ್ಟು ಹೋದೆ. ಫಾರಂ ತುಂಬಿದೆ, ಗ್ರೀನ್ ಕಾರ್ಡ್ ನಂಬರ್ ಬರೆದೆ. ಎಫ್‌ಬಿಐ ತಪಾಸಣೆಯ ಉತ್ತರ ಬಂತು: ಡಿಲೇ. ಎದೆ ಧಸಕ್ಕೆಂದಿತು. ಅದು ನಿರಾಕರಣೆ ಅಲ್ಲ, ಇನ್ನಷ್ಟು ನೋಡಬೇಕು ಅಂತ. ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಅಂಗಡಿಯವರು ಕೊಡಬಹುದು, ಕೊಡಲೇಬೇಕು ಅಂತೇನಿಲ್ಲ. ನನಗೆ ಎರಡನೇ ದಿನ ಒಪ್ಪಿಗೆ ಬಂತು.

ಅವತ್ತು ರಾತ್ರಿ ತೀರ್ಥಹಳ್ಳಿಗೆ ಫೋನ್ ಮಾಡಿದೆ. ಅಪ್ಪಯ್ಯನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಇದೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೊಟ್ಟು ರಸೀತಿ ತರುವುದು ಅವರಿಗೆ ರೂಢಿ.

"ಲೈಸೆನ್ಸ್ ಎಷ್ಟು ವರ್ಷಕ್ಕೆ ಕೊಟ್ರು?"

"ಇಲ್ಲಿ ಮನೇಲಿಡಕ್ಕೆ ಲೈಸೆನ್ಸ್ ಬೇಡ ಅಪ್ಪಯ್ಯ."

"ಅಲ್ಲಾ ಮಾರಾಯ್ತಿ, ಹಂಗಾದ್ರೆ ಎಲೆಕ್ಷನ್ನಿಗೆ ಎಲ್ಲಿ ಕೊಡ್ತೀಯಾ?"

"ಎಲ್ಲೂ ಕೊಡಲ್ಲ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಡಿಕೆ ರೇಟಿನ ಮಾತು ತೆಗೆದರು.