ಗಾಲಿಕುರ್ಚಿಯ ಅಳತೆಗೂ ಮೊದಲು ಮಗುವಿನ ವಿಡಿಯೊ ಕೇಳುವವರ ಬಗ್ಗೆ ಎಚ್ಚರವಿರಲಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯನ್ನೇ ನಂಬಿರುವ ಕುಟುಂಬ ನಮ್ಮದು. ಒಂಬತ್ತು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ದೇಹದ ಚಲನೆಗೆ ಅಡ್ಡಿಯಾಗುವ ಸ್ಥಿತಿ) ಇದೆ. ಕಳೆದ ವರ್ಷ, ಟ್ರಸ್ಟ್ ಒಂದರವರೆಂದು ಹೇಳಿಕೊಂಡ ಇಬ್ಬರು ಮನೆಗೆ ಬಂದು, ಗಾಲಿಕುರ್ಚಿಯನ್ನೂ ಒಂದು ವರ್ಷದ ಫಿಜಿಯೋಥೆರಪಿಯನ್ನೂ ಉಚಿತವಾಗಿ ಕೊಡಿಸುತ್ತೇವೆಂದು ಭರವಸೆ ನೀಡಿ, ಫೈಲಿನ ಖರ್ಚೆಂದು 3,500 ರೂಪಾಯಿಯನ್ನೂ ಆಧಾರ್ ಮತ್ತು ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಕಾರ್ಡುಗಳ ಪ್ರತಿಗಳನ್ನೂ ಪಡೆದರು. ಆಮೇಲೆ ಮಗಳನ್ನು ಬರಿಯ ನೆಲದ ಮೇಲೆ ಮಲಗಿಸಲು ಹೇಳಿ ವಿಡಿಯೊ ಮಾಡಿಕೊಂಡರು. ಅವಳು ಅಳುತ್ತಿದ್ದಳು. ನಾನಾಗಲಿ ನನ್ನ ಪತಿಯಾಗಲಿ ತಡೆಯಲಿಲ್ಲ. ಹೋದ ಹಣಕ್ಕಿಂತ ಹೆಚ್ಚು ನೋಯಿಸುವುದು ಅದೇ.

ಎರಡು ತಿಂಗಳ ನಂತರ ಬಂದದ್ದು ದೊಡ್ಡವರ ಕುರ್ಚಿ. ಇಂತಹ ಮಕ್ಕಳಿಗೆ ಸೊಂಟ, ಬೆನ್ನು, ಪಾದಗಳಿಗೆ ಸರಿಯಾದ ಆಧಾರ ಸಿಗುವಂತೆ ಅಳತೆ ತೆಗೆದು ಕುರ್ಚಿ ಹೊಂದಿಸಬೇಕು. ಇಲ್ಲದಿದ್ದರೆ ಮಗು ಒಂದು ಪಕ್ಕಕ್ಕೆ ವಾಲಿ ಕೂತು ಬೆನ್ನೆಲುಬು ಬಾಗುವ ಅಪಾಯವಿದೆ. ಅವರು ಅಳತೆಪಟ್ಟಿಯನ್ನೇ ತಂದಿರಲಿಲ್ಲ. ಫಿಜಿಯೋಥೆರಪಿ ಒಂದು ದಿನವೂ ನಡೆಯಲಿಲ್ಲ.

ಚಿಂತಾಮಣಿಯಲ್ಲಿರುವ ನನ್ನ ಅತ್ತಿಗೆ ಅದೇ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಂಡು ಕಳುಹಿಸಿದಾಗ ಉಳಿದದ್ದು ತಿಳಿಯಿತು. ಮಗಳ ಹೆಸರಿನೊಂದಿಗೆ, ವೈದ್ಯರು ಯಾರೂ ಹೇಳದ ಶಸ್ತ್ರಚಿಕಿತ್ಸೆಗೆ ಹಣ ಕೋರಿ ಕ್ಯೂಆರ್ ಕೋಡ್ ಹಾಕಿದ್ದರು. ಪೊಲೀಸರಿಗೆ ದೂರು ಕೊಟ್ಟೆವು. ಆದರೆ ನಾವು ಹಣ ಕೊಟ್ಟದ್ದಕ್ಕೆ ರಸೀದಿ ಇರಲಿಲ್ಲ.

ಯುಡಿಐಡಿ ಕಾರ್ಡಿಗೆ ಶುಲ್ಕವಿಲ್ಲ. ಕೇಂದ್ರದ ಅಡಿಪ್ ಯೋಜನೆಯ ಶಿಬಿರಗಳಲ್ಲಿ ಅರ್ಹ ಕುಟುಂಬಗಳಿಗೆ ಸಾಧನ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಶಿಬಿರ ಯಾವಾಗ ಎಂಬುದನ್ನು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿ ವಿಚಾರಿಸಬಹುದು. ನಾವು ಮೊದಲೇ ವಿಚಾರಿಸಬೇಕಿತ್ತು. ಪ್ರಾಮಾಣಿಕವಾಗಿ ದುಡಿಯುವ ಸಂಸ್ಥೆಗಳೂ ನಮ್ಮ ಜಿಲ್ಲೆಯಲ್ಲಿವೆ. ಅಂಥವರು ಮೊದಲು ಮಗುವನ್ನು ಪರೀಕ್ಷಿಸುತ್ತಾರೆ, ನೋಂದಣಿ ಪತ್ರ ಕೇಳಿದರೆ ತೋರಿಸುತ್ತಾರೆ, ಚಿತ್ರ ಬೇಕಾದರೆ ಅದನ್ನು ಎಲ್ಲಿ ಬಳಸುತ್ತಾರೆಂದು ಬರೆದು ಒಪ್ಪಿಗೆ ಪಡೆಯುತ್ತಾರೆ.

ದಾನ ಮಾಡುವವರಲ್ಲೂ ಒಂದು ವಿನಂತಿ. ಸಂಸ್ಥೆಗಳು ತೋರಿಸುವ 80ಜಿ ಎಂಬುದು ನಿಮ್ಮ ಆದಾಯ ತೆರಿಗೆಯ ರಿಯಾಯಿತಿಗೆ ಸಂಬಂಧಿಸಿದ್ದೇ ಹೊರತು, ವಿಡಿಯೊದಲ್ಲಿರುವ ಮಗುವಿಗೆ ಹಣ ತಲುಪುತ್ತದೆ ಎಂಬುದಕ್ಕೆ ಪುರಾವೆಯಲ್ಲ. ಆಸ್ಪತ್ರೆಯ ಹೆಸರು ಕೇಳಿ, ಸಾಧ್ಯವಾದರೆ ಆಸ್ಪತ್ರೆಯ ಖಾತೆಗೇ ಪಾವತಿಸಿ. ಈಗಾಗಲೇ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಮ್ಮ ಮಗಳ ವಿಡಿಯೊ ಇನ್ನೂ ಹರಿದಾಡುತ್ತಿದೆ. ನೆಲದ ಮೇಲೆ ಅಳುತ್ತಿರುವ ಮಗುವಿನ ಅಂತಹ ವಿಡಿಯೊ ನಿಮಗೆ ಬಂದರೆ, ದಯವಿಟ್ಟು ಅದನ್ನು ಮುಂದಕ್ಕೆ ಕಳುಹಿಸಬೇಡಿ.