ಮುಂಬಯಿಯ ಎಂಎಂಎ ‘ಐಡಿ’: ಭಾವ ಓದಿ, ದುಡ್ಡು ಹಾಕಬೇಡಿ

ವಾಟ್ಸಾಪಿನಲ್ಲಿ ಒಂದು ಮೆಸೇಜು, ಯುಪಿಐಯಲ್ಲಿ 500 ರೂಪಾಯಿ, ಐದು ನಿಮಿಷದಲ್ಲಿ ಯೂಸರ್‌ನೇಮು, ಪಾಸ್‌ವರ್ಡು ಕೈಗೆ. ಡೊಂಬಿವಲಿಯಿಂದ ದಹಿಸರ್‌ವರೆಗೆ ‘ಐಡಿ’ ಅಂದರೆ ಇದೇ, ಆನ್‌ಲೈನ್ ಬೆಟ್ಟಿಂಗಿನ ಖಾತೆ. ಕ್ರಿಕೆಟ್ಟಿಗೆಂದು ಶುರುವಾದ ಈ ಸೇವೆಯಲ್ಲಿ ಈಗ ಎಂಎಂಎ ಎಂಬ ಮಿಶ್ರ ಸಮರಕಲೆಯ ದೊಡ್ಡ ಸಂಸ್ಥೆ ಯುಎಫ್‌ಸಿಯ ಫೈಟುಗಳ ಭಾವವೂ, ಅಂದರೆ ಕಟ್ಟಿ ಗೆದ್ದರೆ ಎಷ್ಟು ಎಂಬ ದರವೂ, ಸಿಗುತ್ತದೆ. ನಮ್ಮೂರ ಕಡೆ ಓಸಿ ಎನ್ನುವ ಮಟ್ಕಾ ಬೆಳೆದದ್ದೂ 1960ರ ದಶಕದಲ್ಲಿ ಇದೇ ಮುಂಬಯಿಯಲ್ಲಿ. ಮಟ್ಕಾದಲ್ಲಿ ತಲೆ ಓಡಿಸುವುದಕ್ಕೆ ಏನೂ ಇರಲಿಲ್ಲ. ಎಂಎಂಎಯಲ್ಲಿ ಇದೆ. ಲೆಕ್ಕ ಬಲ್ಲ ಹುಡುಗರೂ ಇದಕ್ಕೆ ಬೀಳುವುದು ಅದಕ್ಕೇ. ಹಾಗಾಗಿ ಐಡಿಯೊಳಗಿನ ಭಾವವನ್ನೂ ಖಾತೆಯನ್ನೂ ಬೇರೆ ಬೇರೆ ತೂಗಬೇಕು.

ಮೊದಲು ಕಾನೂನು. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆ ಇದ್ದೇ ಇದೆ. ಅದರ ಮೇಲೆ, 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದ್ದು, ಅದೃಷ್ಟದ್ದು ಎಂಬ ಭೇದವಿಲ್ಲದೆ ನಿಷೇಧಿಸಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಮಹಾಲಕ್ಷ್ಮಿ ರೇಸ್‌ಕೋರ್ಸಿನ ಕೌಂಟರಿನಲ್ಲಿ ಕುದುರೆಗೆ ಕಟ್ಟುವುದನ್ನು ಇದಕ್ಕೆ ಹೋಲಿಸಿ ಮಾತಾಡುವವರಿದ್ದಾರೆ. ಅಲ್ಲಿ ಲೈಸೆನ್ಸೂ ಇದೆ, ಟಿಕೆಟ್ಟೂ ಇದೆ. ಐಡಿ ಕೊಟ್ಟವನ ಹತ್ತಿರ ಎರಡೂ ಇಲ್ಲ.

ಇನ್ನು ಭಾವ. ಫೇವರಿಟ್ 1.40 ಇದ್ದರೆ ಬುಕ್ಕಿ ಭಾಷೆಯಲ್ಲಿ 40 ಪೈಸೆ: 100 ಕಟ್ಟಿ ಗೆದ್ದರೆ 40 ಲಾಭ. ಎದುರಾಳಿ 3.00. ಒಂದನ್ನು ಭಾವದಿಂದ ಭಾಗಿಸಿದರೆ ಗೆಲುವಿನ ಅಂದಾಜು ಬರುತ್ತದೆ: 71.4 ಶೇಕಡಾ ಮತ್ತು 33.3. ಕೂಡಿದರೆ 104.7. ನೂರಕ್ಕಿಂತ ಮೇಲಿನ ಆ ನಾಲ್ಕು ಚಿಲ್ಲರೆಯೇ ಅಂಗಡಿಯವನ ಪಾಲು. ಫೇವರಿಟ್‌ನ ನಿಜವಾದ ಅಂದಾಜು ಬೇಕಿದ್ದರೆ 71.4ನ್ನು 104.7ರಿಂದ ಭಾಗಿಸಿ, 68.2 ಬರುತ್ತದೆ. ಅದೇ ಫೈಟಿಗೆ 1.33, 2.75 ಎಂದು ಭಾವ ಬಿಟ್ಟಿದ್ದರೆ ಮೊತ್ತ 111 ದಾಟುತ್ತದೆ. ಅಂಥದ್ದನ್ನು ಓದುವುದೂ ದಂಡ.

ಹಲವು ಫೈಟುಗಳನ್ನು ಜೋಡಿಸಿ ಒಟ್ಟಿಗೆ ಕಟ್ಟುವ ಕಾಂಬೋ ಇನ್ನೂ ಕೆಟ್ಟದ್ದು. 1.40ರ ನಾಲ್ಕು ಫೇವರಿಟ್‌ಗಳನ್ನು ಜೋಡಿಸಿದರೆ 3.84 ತೋರಿಸುತ್ತದೆ, ಕಣ್ಣಿಗೆ ದೊಡ್ಡದು. ಆದರೆ 68.2 ಶೇಕಡಾವನ್ನು ನಾಲ್ಕು ಸಲ ಗುಣಿಸಿದರೆ ನಾಲ್ವರೂ ಗೆಲ್ಲುವ ಸಂಭವ 21.6 ಶೇಕಡಾ ಮಾತ್ರ, ನ್ಯಾಯದ ಭಾವ 4.62 ಇರಬೇಕಿತ್ತು. ಹಾಕಿದ ಪ್ರತಿ 100 ರೂಪಾಯಿಗೆ ಸರಾಸರಿ ಹಿಂದೆ ಬರುವುದು 83. ಒಂಟಿ ಫೈಟಿನಲ್ಲಿ ನಾಲ್ಕೂವರೆ ರೂಪಾಯಿ ಕಚ್ಚುತ್ತಿದ್ದವನು ಇಲ್ಲಿ ಹದಿನೇಳು ಕಚ್ಚುತ್ತಾನೆ.

ಬೋನಸ್ಸಿನ ಲೆಕ್ಕವೂ ಇಷ್ಟೇ. 5,000 ಹಾಕಿದರೆ 500 ಫ್ರೀ, ಆದರೆ ಎರಡೂ ಸೇರಿದ ಮೊತ್ತದ ಎಂಟು ಪಟ್ಟು ಆಡಿದ ಮೇಲೆಯೇ ವಿತ್‌ಡ್ರಾ ಅಂದುಕೊಳ್ಳಿ. ಅಂದರೆ 44,000 ರೂಪಾಯಿಯ ಆಟ. ಅದರ ಮೇಲೆ ನಾಲ್ಕೂವರೆ ಶೇಕಡಾ ಕಡಿತ ಹಿಡಿದರೆ ಸುಮಾರು 2,000 ಹೋಗುತ್ತದೆ. ಐನೂರರ ಉಡುಗೊರೆಗೆ ಎರಡು ಸಾವಿರ ಬೆಲೆ.

ಖಾತೆಯ ಕಡೆ ಬಂದರೆ ಅಪಾಯ ಬೇರೆಯೇ ತರಹದ್ದು. ಪ್ರತಿ ಸಲ ದುಡ್ಡು ಹಾಕಲು ಬರುವ ಯುಪಿಐ ಹೆಸರು ಬೇರೆ, ಗೆದ್ದ ದುಡ್ಡು ಬರುವ ಖಾತೆ ಇನ್ನೊಬ್ಬನದು. ಇವು ಬಾಡಿಗೆ ಖಾತೆಗಳು. ಅದೇ ಖಾತೆಗೆ ಎಲ್ಲೋ ಮೋಸ ಹೋದವರ ದುಡ್ಡೂ ಬಂದಿದ್ದು, ಅವರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಆ ದುಡ್ಡು ಹರಿದ ದಾರಿಯಲ್ಲಿರುವ ಖಾತೆಗಳಿಗೆಲ್ಲ ತಡೆ ಬೀಳಬಹುದು. ನಿಮ್ಮ ಸಂಬಳದ ಖಾತೆಯೂ ಅದರಲ್ಲಿದ್ದರೆ ಮನೆ ಬಾಡಿಗೆ, ಇಎಂಐ ಎಲ್ಲ ನಿಲ್ಲುತ್ತದೆ. ಬಿಡಿಸಿಕೊಳ್ಳಲು ಬೇರೆ ರಾಜ್ಯದ ಸೈಬರ್ ಪೊಲೀಸರಿಗೆ ‘ಈ ದುಡ್ಡು ಬೆಟ್ಟಿಂಗಿನದು’ ಎಂದು ಬರೆದುಕೊಡಬೇಕಾಗುತ್ತದೆ. ಸೋಲುವುದಕ್ಕಿಂತ ಗೆಲ್ಲುವುದೇ ಇಲ್ಲಿ ಹೆಚ್ಚು ಅಪಾಯ.

ನಿಯಮದ ತಕರಾರೂ ಉಂಟು. ಫೈಟು ಡ್ರಾ ಆದರೆ, ನೋ ಕಾಂಟೆಸ್ಟ್ (ಫಲಿತಾಂಶವೇ ಇಲ್ಲ) ಆದರೆ, ಎದುರಾಳಿ ಬದಲಾದರೆ ದುಡ್ಡು ವಾಪಸೋ ಇಲ್ಲವೋ? ಫೈಟರ್ ಎರಡನೇ ರೌಂಡು ಮುಗಿಸಿ ಸ್ಟೂಲಿನಿಂದ ಏಳದಿದ್ದರೆ ಅದು ಯಾವ ರೌಂಡಿನ ಟಿಕೆಒ (ಫೈಟು ನಿಲ್ಲಿಸಿ ಕೊಡುವ ಗೆಲುವು)? ಲೈಸೆನ್ಸ್ ಇರುವ ದೇಶಗಳ ಬುಕ್‌ಮೇಕರುಗಳು ಇದನ್ನು ಬರೆದಿಟ್ಟಿರುತ್ತಾರೆ. ಐಡಿಯವನು ಹೇಳಿದ್ದೇ ನಿಯಮ. ಫೈಟು ನಡೆಯುತ್ತಿರುವಾಗಲೇ ಕಟ್ಟುವ ಲೈವ್ ಆಟವಂತೂ ಮುಟ್ಟಲೇಬೇಡಿ: ನಿಮ್ಮ ಫೋನಿನಲ್ಲಿ ಪಂಚ್ ಬೀಳುವ ಹೊತ್ತಿಗೆ ಅಖಾಡದಲ್ಲಿ ಅದು ಹಳೆಯ ಸುದ್ದಿ.

ಇಷ್ಟರ ಮೇಲೂ ಭಾವಪಟ್ಟಿಯನ್ನು ಬಿಡಬೇಡಿ ಎನ್ನುತ್ತೇವೆ. ಫೈಟ್ ಓದಲು ಕಲಿಸುವುದರಲ್ಲಿ ಅದಕ್ಕೆ ಸಮನಾದದ್ದಿಲ್ಲ. ವಿದೇಶದ ಭಾವಗಳನ್ನು ಕ್ರೀಡಾ ಸುದ್ದಿಯಲ್ಲೇ ಹಾಕುತ್ತಾರೆ, ಐಡಿ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು.

ಭಾವ ನೋಡುವ ಮುಂಚೆಯೇ ನಿಮ್ಮ ಅಂದಾಜು ಬರೆಯಿರಿ, ಶೇಕಡಾದಲ್ಲಿ, ಪೆನ್ನಿನಲ್ಲಿ. ಮೂರು ರೌಂಡೋ ಐದೋ, ಕೇಜ್ (ಬೇಲಿ ಹಾಕಿದ ಅಖಾಡ) 30 ಅಡಿಯದೋ ಲಾಸ್ ವೇಗಸ್‌ನಲ್ಲಿರುವ ಯುಎಫ್‌ಸಿಯದೇ ಸಭಾಂಗಣ ಏಪೆಕ್ಸಿನ 25 ಅಡಿಯದೋ ಗುರುತು ಹಾಕಿ. ಚಿಕ್ಕ ಕೇಜಿನಲ್ಲಿ ಓಡಿ ತಪ್ಪಿಸಿಕೊಳ್ಳುವವನಿಗೆ ಜಾಗ ಕಡಿಮೆ, ಹಿಡಿದು ಕೆಡವುವವನಿಗೆ ಬೇಲಿ ಹತ್ತಿರ. ವೇಗಸ್ ಫೈಟುಗಳಿಗೆ ಫೈಟರ್‌ಗಳ ತೂಕ ನೋಡುವುದು ಶುರುವಾಗುವುದು ನಮಗೆ ಶುಕ್ರವಾರ ರಾತ್ರಿ ಒಂಬತ್ತೂವರೆಗೆ, ಅವರ ಚಳಿಗಾಲದಲ್ಲಿ ಹತ್ತೂವರೆಗೆ. ಕೆನ್ನೆ ಎಷ್ಟು ಒಳಗೆ ಹೋಗಿದೆ, ತುಟಿ ಒಡೆದಿದೆಯೇ, ಮೆಟ್ಟಿಲು ಹತ್ತುವಾಗ ಕಾಲು ತೂರಾಡುತ್ತಿದೆಯೇ, ತಕ್ಕಡಿಯ ಮೇಲೆ ಬಟ್ಟೆ ಕಳಚಿ ಟವೆಲ್ ಹಿಡಿಸಿಕೊಳ್ಳಬೇಕಾಯಿತೇ ನೋಡಿ. ನೀರು ಇಳಿಸಿ ತೂಕ ತಂದ ಮೈ ಮೂರನೇ ರೌಂಡಿನಲ್ಲಿ ಕೈಕೊಡುವುದು ಹೆಚ್ಚು. ಇದಾದ ಮೇಲೆ ಬೇಕಿದ್ದರೆ ಅಂದಾಜು ತಿದ್ದಿ, ಆಮೇಲೆ ಭಾವ ನೋಡಿ ಪಕ್ಕದ ಕಾಲಮ್ಮಿನಲ್ಲಿ ಬರೆಯಿರಿ.

ಕೊನೆಯ ಗಂಟೆಗಳಲ್ಲಿ ಭಾವ ಎತ್ತ ಓಡಿತೆಂಬುದನ್ನೂ ಬರೆದಿಡಿ. 2022ರ ನವೆಂಬರ್ 5ರಂದು ವೇಗಸ್‌ನ ಒಂದು ಫೈಟಿನಲ್ಲಿ ಭಾವ ಏಕಾಏಕಿ ಒಂದೇ ಕಡೆ ವಾಲಿತು. ಫೈಟು ಒಂದನೇ ರೌಂಡಿನಲ್ಲೇ ಮುಗಿಯಿತು, ಸೋತವನಿಗೆ ಮೊದಲೇ ಗಾಯವಿತ್ತೆಂದು ಆಮೇಲೆ ಗೊತ್ತಾಯಿತು, ನೆವಾಡಾ ರಾಜ್ಯದ ಕ್ರೀಡಾ ಆಯೋಗ ಅವನ ಕೋಚಿನ ಲೈಸೆನ್ಸ್ ಅಮಾನತು ಮಾಡಿತು. ಜಿಮ್ಮಿನೊಳಗಿನ ಇಂಥ ಸುದ್ದಿ ಮುಂಬಯಿಯ ಮುಲುಂಡಿನಲ್ಲಿ ಕೂತವನಿಗೆ ಕೊನೆಗೆ ತಲುಪುತ್ತದೆ.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಲೆಕ್ಕ ಹಾಕಿ. 70 ಶೇಕಡಾ ಅಂದದ್ದು ಗೆದ್ದರೆ 0.3ರ ವರ್ಗ 0.09, ಸೋತರೆ 0.7ರ ವರ್ಗ 0.49. ಇದು ಅಂದಾಜು ಎಷ್ಟು ತಪ್ಪಿತೆಂದು ಅಳೆಯುವ ಬ್ರಯರ್ ಸ್ಕೋರ್, ಕಡಿಮೆಯಿದ್ದಷ್ಟೂ ಒಳ್ಳೆಯದು. ಎಲ್ಲಕ್ಕೂ 50 ಎಂದು ಬರೆದವನಿಗೂ 0.25 ಸಿಗುತ್ತದೆ. ಅದೇ ಫೈಟುಗಳಿಗೆ ಭಾವದ ಸ್ಕೋರನ್ನೂ ಹಾಕಿ, ಸರಾಸರಿ ತೆಗೆಯಿರಿ. ನೂರು ಫೈಟು ಆಗುವವರೆಗೆ ತೀರ್ಪು ಕೊಡಬೇಡಿ.

ಯಾಕೆಂದರೆ ಒಂದು ಫೈಟು ಏನನ್ನೂ ಸಾಬೀತು ಮಾಡುವುದಿಲ್ಲ. 2022ರ ಆಗಸ್ಟ್ 20ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ನಾಲ್ಕು ರೌಂಡು ಮುಗಿದಾಗ ಯುಎಫ್‌ಸಿ ಚಾಂಪಿಯನ್ ಕಮಾರು ಉಸ್ಮಾನ್ ಮುಂದಿದ್ದರು. ಐದನೆಯದರಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ, ಎದುರಾಳಿ ಲಿಯಾನ್ ಎಡ್ವರ್ಡ್ಸ್‌ರ ಎಡಗಾಲು ಉಸ್ಮಾನ್ ತಲೆಗೆ ಬಿದ್ದು ಫೈಟು ಮುಗಿಯಿತು. ಉಸ್ಮಾನ್ ಎಂದು ಬರೆದವರ ಓದು ತಪ್ಪಾಗಿರಲಿಲ್ಲ, ಫಲಿತಾಂಶ ಬೇರೆಯಾಯಿತು. ನಮ್ಮ ಪೂಜಾ ತೋಮರ್ 2024ರ ಜೂನ್ 8ರಂದು ಯುಎಫ್‌ಸಿಯ ಮೊದಲ ಫೈಟು ಗೆದ್ದಾಗ ಒಬ್ಬ ಜಡ್ಜ್ 30-27 ಎಂದು ಮೂರೂ ರೌಂಡನ್ನು ಪೂಜಾಗೆ ಕೊಟ್ಟರು, ಇನ್ನೊಬ್ಬರು ಅದೇ 30-27ನ್ನು ಎದುರಾಳಿಗೆ ಕೊಟ್ಟರು, ಮೂರನೆಯವರ 29-28ರಲ್ಲಿ ತೀರ್ಮಾನವಾಯಿತು. ಇಂಥ ಫೈಟಿನ ಸಾಲಿಗೆ ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕೆ ಇಡಿ. ನೂರನೆಯ ಫೈಟಿಗೆ ಬಂದಾಗ ಚುಕ್ಕೆಯಿರುವ ಸಾಲುಗಳನ್ನು ಬಿಟ್ಟೂ ಒಮ್ಮೆ ಸರಾಸರಿ ಹಾಕಿ ನೋಡಿ.